ಶಸ್ತ್ರವನ್ನು ಕೊಡುವ ಕೈ

ಆಯುಧವನ್ನು ಹೊಂದುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಜೆಯ ಹಕ್ಕು. ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯೇ ಅದಕ್ಕೆ ಆಧಾರ. ಈ ಹಕ್ಕು ನಾಗರಿಕ ಸೇನೆಗೆ ಸಂಬಂಧಿಸಿದ್ದೋ ವ್ಯಕ್ತಿಗೆ ಸೇರಿದ್ದೋ ಎಂಬ ವಾದವು ದೀರ್ಘಕಾಲ ನಡೆಯಿತು. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕನ್ನಿಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. 2022ರಲ್ಲಿ ಆ ಹಕ್ಕನ್ನು ಮನೆಯ ಹೊರಗೂ ಮಾನ್ಯಮಾಡಿತು.

ಹಕ್ಕನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಪೊಲೀಸರು ಬರುವುದು ತಡವಾಗುವ ಒಂಟಿ ಮನೆಯವನಿಗೆ ತನ್ನವರನ್ನು ಕಾಯುವ ಹೊಣೆಯಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಲೇಬೇಕೆಂದ ಜೈನ ಆಚಾರ್ಯರು, ವಿರೋಧೀ ಹಿಂಸೆಯ ಪೂರ್ಣ ತ್ಯಾಗವನ್ನು ಅವನಿಂದ ಅಪೇಕ್ಷಿಸಲಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದನು.

ಆದರೆ ಈ ವಾದವೆಲ್ಲ ಆಯುಧವನ್ನು ಹಿಡಿಯುವವನನ್ನು ಕುರಿತದ್ದು. ಅದನ್ನು ಕೊಡುವವನ ಹೊಣೆಯೇನು?

2021ರ ನವೆಂಬರ್ 30ರಂದು ಮಿಚಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ಬಾಲಕನೊಬ್ಬನು ಗುಂಡು ಹಾರಿಸಿ ನಾಲ್ವರು ಸಹಪಾಠಿಗಳನ್ನು ಕೊಂದನು. ಅವನ ಕೈಯಲ್ಲಿದ್ದ ಪಿಸ್ತೂಲು ನಾಲ್ಕೇ ದಿನಗಳ ಹಿಂದೆ ತಂದೆ ಹಬ್ಬದ ಉಡುಗೊರೆಯೆಂದು ಕೊಂಡದ್ದು. ಅಂದು ಬೆಳಿಗ್ಗೆಯೇ ಬಾಲಕನು ಬರೆದಿದ್ದ ಬಂದೂಕಿನ ಚಿತ್ರವನ್ನು ಕಂಡು ಶಿಕ್ಷಕರು ತಂದೆತಾಯಿಗಳನ್ನು ಕರೆಸಿದ್ದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಪಿಸ್ತೂಲು ಎಲ್ಲಿದೆಯೆಂದು ನೋಡಲೂ ಇಲ್ಲ. 2024ರಲ್ಲಿ ನ್ಯಾಯಾಲಯವು ಇಬ್ಬರನ್ನೂ ಅಪರಾಧಿಗಳೆಂದು ನಿರ್ಣಯಿಸಿ, 10ರಿಂದ 15 ವರ್ಷಗಳ ಸೆರೆವಾಸವನ್ನು ವಿಧಿಸಿತು. ಅಪ್ರಾಪ್ತರಿರುವ ಮನೆಯಲ್ಲಿ ಬಂದೂಕನ್ನು ಬೀಗದಲ್ಲಿಡಬೇಕೆಂಬ ಕಾನೂನು ಆ ರಾಜ್ಯದಲ್ಲಿ ಜಾರಿಗೆ ಬಂದದ್ದೂ ಅದೇ ವರ್ಷ.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯು ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಹಿಂಸಾದಾನವನ್ನೂ ಸೇರಿಸಿದ್ದಾರೆ. ವಧೆಗೆ ಕಾರಣವಾಗುವ ಕೊಡಲಿ, ಖಡ್ಗ, ಬೆಂಕಿ, ಸಂಕೋಲೆ ಮುಂತಾದವನ್ನು ಪರರಿಗೆ ಕೊಡುವುದೇ ಹಿಂಸಾದಾನ. ಕೊಟ್ಟವನು ತಾನು ಕೊಲ್ಲದಿರಬಹುದು, ಕೊಲ್ಲುವ ಸಂಕಲ್ಪವೂ ಅವನಲ್ಲಿ ಇಲ್ಲದಿರಬಹುದು. ಆದರೂ ವಿವೇಚನೆಯಿಲ್ಲದ ದಾನದ ದೋಷವು ಅವನನ್ನು ಬಿಡದು. ಮಿಚಿಗನ್ನಿನ ನ್ಯಾಯಾಲಯವು ನಾಲ್ಕು ಮಕ್ಕಳು ಮಡಿದ ಮೇಲೆ ಕೇಳಿದ ಪ್ರಶ್ನೆಯನ್ನು ಈ ವ್ರತವು ಕೊಡುವ ಮೊದಲೇ ಕೇಳುತ್ತದೆ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕಿಗೆ ಪರವಾನಗಿ ಬೇಕು. ಬೆಳೆಯ ರಕ್ಷಣೆಗೆಂದು ಪಡೆದ ಕೋವಿಗಳು ಮಲೆನಾಡಿನ ಹಲವು ಮನೆಗಳಲ್ಲಿವೆ. ಪರವಾನಗಿಯು ಒಡೆಯನ ಹೆಸರನ್ನು ಹೇಳುತ್ತದೆ. ಕೋವಿಯ ಬೀಗದ ಕೈ ಯಾರಿಗೆ ಸಿಗುತ್ತದೆ, ಮನೆಯ ಮಗನ ಮನಸ್ಸು ಹೇಗಿದೆ ಎಂಬುದನ್ನು ಹೇಳದು. ಅದನ್ನು ಅರಿತಿರುವುದು ಹಿರಿಯರ ಧರ್ಮ. ಮಕ್ಕಳಿಗೆ ಏನನ್ನು ಕೊಡುತ್ತಿದ್ದೇವೆಂಬ ಎಚ್ಚರವೂ ಅಹಿಂಸಾವ್ರತದ ಒಂದು ಅಂಗವೆಂಬುದನ್ನು ಶ್ರಾವಕರು ಮರೆಯಬಾರದು.