ಉಪ್ಪಿನಲ್ಲೇ ಬಾಳುವ ಜೀವಿಯ ಅಕ್ಷರಗಳು

ನಿಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿ ವರ್ಷವಾದರೂ ಏಕೆ ಕೆಡುವುದಿಲ್ಲ ಎಂದು ಯೋಚಿಸಿದ್ದೀರಾ? ಹೆಚ್ಚು ಉಪ್ಪು ಸೂಕ್ಷ್ಮಜೀವಿಗಳ ಒಡಲಿನ ನೀರನ್ನು ಹೊರಗೆಳೆಯುತ್ತದೆ. ನೀರು ಕಳೆದುಕೊಂಡ ಜೀವಿ ಬೆಳೆಯಲಾರದು. ಒಣಮೀನು ಉಳಿಯುವುದೂ ಇದೇ ಕಾರಣಕ್ಕೆ.

ಆದರೆ ಉಪ್ಪಿಲ್ಲದೆ ಬದುಕಲಾರದ ಜೀವಿಗಳೂ ಇವೆ. ಸ್ಪೇನಿನ ಉಪ್ಪಿನ ಗದ್ದೆಗಳಲ್ಲಿ ಸಿಕ್ಕ ಒಂದು ಕೆಂಪು ಬ್ಯಾಕ್ಟೀರಿಯಾಕ್ಕೆ 2002ರಲ್ಲಿ ‘ಸ್ಯಾಲಿನಿಬ್ಯಾಕ್ಟರ್ ರೂಬರ್’ ಎಂದು ಹೆಸರಿಟ್ಟರು. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5ರಷ್ಟು ಉಪ್ಪಿರುತ್ತದೆ. ಇದು ಚೆನ್ನಾಗಿ ಬೆಳೆಯಲು ಶೇ. 20ರಿಂದ 30ರಷ್ಟು ಬೇಕು. ಅಷ್ಟು ಗಟ್ಟಿ ಉಪ್ಪುನೀರು ‘ಆರ್ಕಿಯಾ’ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿಗಳ ರಾಜ್ಯ ಎಂದೇ ಮೊದಲು ತಿಳಿಯಲಾಗಿತ್ತು.

2005ರಲ್ಲಿ ವಿಜ್ಞಾನಿಗಳ ತಂಡವೊಂದು ಇದರ ಜೀನೋಮ್ ಅನ್ನು, ಅಂದರೆ ವಂಶವಾಹಿ ಅಕ್ಷರಗಳನ್ನೆಲ್ಲ, ಓದಿ ಪ್ರಕಟಿಸಿತು. ನಾನು ಬಿ.ಎ. ಓದಿದವನು, ಪ್ರಯೋಗಾಲಯ ಕಂಡವನಲ್ಲ. ಆದರೂ ಮದ್ರಸದಲ್ಲಿ ಅಕ್ಷರ ಕೂಡಿಸಿ ಓದಲು ಕಲಿತವನಿಗೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. ಅರಬಿಯಲ್ಲಿ ಒಂದು ಚುಕ್ಕಿ ವ್ಯತ್ಯಾಸವಾದರೆ ‘ಬಾ’ ಹೋಗಿ ‘ನೂನ್’ ಆಗುತ್ತದೆ, ಪದದ ಅರ್ಥವೇ ಬೇರೆಯಾಗುತ್ತದೆ. ಜೀನೋಮಿನಲ್ಲಿರುವುದು ನಾಲ್ಕೇ ಅಕ್ಷರಗಳು. ಅಲ್ಲಿಯೂ ಒಂದು ಅಕ್ಷರ ಬದಲಾದರೆ ಪ್ರೋಟೀನೇ ಬದಲಾಗಬಹುದು. ಡಿಎನ್‌ಎಯನ್ನು ಸಣ್ಣ ಸಣ್ಣ ತುಂಡುಗಳಾಗಿಸಿ, ಒಂದೊಂದನ್ನೂ ಓದಿ, ಒಂದರ ಕೊನೆ ಇನ್ನೊಂದರ ಆರಂಭಕ್ಕೆ ಹೊಂದುವುದನ್ನು ಕಂಪ್ಯೂಟರಿನಿಂದ ಹುಡುಕಿ ಜೋಡಿಸಬೇಕು. ಹರಿದ ಹಸ್ತಪ್ರತಿಯನ್ನು ಕೂಡಿಸಿದಂತೆ. ಇಲ್ಲಿ ಹೀಗೆ ಕೂಡಿಸಿದ್ದು 35 ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಇವೆ.

ಓದಿದಾಗ ಗುಟ್ಟು ಸ್ಪಷ್ಟವಾಯಿತು. ಈ ಜೀವಿ ತನ್ನೊಳಗೂ ಪೊಟ್ಯಾಶಿಯಂ ಲವಣ ತುಂಬಿಕೊಳ್ಳುತ್ತದೆ. ಒಳಗೂ ಹೊರಗೂ ಸಮವಾದ ಮೇಲೆ ಉಪ್ಪು ಅದರ ನೀರನ್ನು ಎಳೆಯಲಾರದು. ಅಷ್ಟು ಉಪ್ಪಿನಲ್ಲಿ ಸಾಮಾನ್ಯ ಪ್ರೋಟೀನುಗಳು ಕೆಡುತ್ತವೆ. ಇದರ ಪ್ರೋಟೀನುಗಳಲ್ಲಿ ಮಾತ್ರ ನೀರನ್ನು ಹಿಡಿದಿಡುವ ಆಮ್ಲೀಯ ಅಮೈನೋ ಆಮ್ಲಗಳು ಹೆಚ್ಚು. ಆರ್ಕಿಯಾಗಳ ಉಪಾಯವೂ ಇದೇ. ಹಾಗಾದರೆ ಇದು ನೆರೆಯವರಿಂದ ಸಾಲ ತಂದದ್ದೇ? ಬೆಳಕನ್ನು ಬಳಸುವ ಕೆಲವು ಜೀನ್‌ಗಳು ಹಾಗೆ ಬಂದಂತೆ ಕಾಣುತ್ತವೆ. ಆದರೆ ಹೋಲಿಕೆಯ ಬಹುಪಾಲು, ಒಂದೇ ನೀರಿನಲ್ಲಿ ಬಾಳಿದ ಎರಡು ವಂಶಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಗಳಿಸಿಕೊಂಡದ್ದು. ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಇದು ತಿಳಿಯುತ್ತಿರಲಿಲ್ಲ. ಅಕ್ಷರ ಓದಿದ್ದರಿಂದ ತಿಳಿಯಿತು.

ಇದನ್ನು ತರಗತಿಯಲ್ಲಿ ಹೇಳಿದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಉಸ್ತಾದ್, ಇದನ್ನು ಓದಲು ಏನು ಕಲಿಯಬೇಕು?” ಎಂದು ಕೇಳಿದಳು. ಎಸ್ಸೆಸ್ಸೆಲ್ಸಿಗೇ ಅವಳ ಓದು ನಿಲ್ಲಿಸುವ ಮಾತು ಮನೆಯಲ್ಲಿ ನಡೆದಿದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಗಣಿತ ಮತ್ತು ಕಂಪ್ಯೂಟರ್ ಎಂದು ಹೇಳಿದೆ. ಆಕೆಯ ತಂದೆಯನ್ನೂ ಕಂಡು ಮಾತನಾಡಿ ಬಂದಿದ್ದೇನೆ. ಅವರು ಇನ್ನೂ ಹೂಂ ಎಂದಿಲ್ಲ. ನಿಮ್ಮ ಮನೆಯಲ್ಲೂ ಇಂತಹ ಪ್ರಶ್ನೆ ಕೇಳುವ ಮಗುವಿದ್ದರೆ, ದಯವಿಟ್ಟು ಅದನ್ನು ಕಾಯಿಸಬೇಡಿ.