ಪಕ್ಷಿ ಮತ್ತು ಪಕ್ಷ

ಸಿಂಗಾನಲ್ಲೂರು ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ನೆನಪಾಗುವುದು ವರನಟ ರಾಜ್‌ಕುಮಾರರ ಪೂರ್ಣನಾಮದ ಮೊದಲ ಪದ. ಆ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು. ಅದೇ ಹೆಸರಿನ ಇನ್ನೊಂದು ಊರು ಇಂದಿನ ಕೊಯಮತ್ತೂರು ನಗರದೊಳಗೆ ಸೇರಿಹೋಗಿದೆ. 1956ರಲ್ಲಿ ಭಾಷಾವಾರು ರಾಜ್ಯಗಳು ರೂಪುಗೊಳ್ಳುವವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು; ಆದ್ದರಿಂದ ಎರಡು ಸಿಂಗಾನಲ್ಲೂರುಗಳೂ ಒಂದೇ ಜಿಲ್ಲೆಯವಾಗಿದ್ದವು. ಅವುಗಳನ್ನು ಎರಡು ರಾಜ್ಯಗಳಿಗೆ ಹಂಚಿದ್ದು ಒಂದು ರಾಜಕೀಯ ನಿರ್ಣಯ. ಜನ ಬಯಸಲಿ ಬಿಡಲಿ, ರಾಜಕೀಯವು ಊರಿನ ವಿಳಾಸವನ್ನೇ ಬದಲಿಸಬಲ್ಲುದು.

ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ನೊಯ್ಯಲ್ ನದಿಯ ನೀರನ್ನು ಪಡೆಯುವ ಹಳೆಯ ಕೆರೆಯೊಂದಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ ಮೊದಲಾದವು ಅಲ್ಲಿ ಕಾಣಸಿಗುತ್ತವೆ. ದುರ್ಬೀನು ಹಿಡಿದು ಬರುವ ಹವ್ಯಾಸಿಗಳು ಕಂಡದ್ದನ್ನು ಮೊಬೈಲಿನಲ್ಲಿ ದಾಖಲಿಸಿ ತಮ್ಮ ವಾಟ್ಸಾಪ್ ಬಳಗದೊಡನೆ ಹಂಚಿಕೊಳ್ಳುವುದು ಈಗಿನ ರೂಢಿ. ಹಕ್ಕಿ, ಚದುರಂಗ, ಅಂಚೆಚೀಟಿ, ಹಳೆಯ ಚಿತ್ರಗೀತೆ, ಯಾವುದರ ಬಳಗವಾದರೂ ಅಲ್ಲಿ ಬೇಗನೆ ಕೇಳಿಬರುವ ನಿಯಮ ಒಂದೇ: ಇಲ್ಲಿ ರಾಜಕೀಯ ಬೇಡ. ಈ ನಿಯಮ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾದ ಸಂಗತಿ.

ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಪೂರ್ವಪಕ್ಷವನ್ನು ಮಂಡಿಸುವ ಕ್ರಮವುಂಟು. ಅದರಂತೆ ನಿಷೇಧದ ಪರವಾದ ಮಾತನ್ನು ಮೊದಲು ಆಲಿಸಬೇಕು. ಕೊಯಮತ್ತೂರು ತಮಿಳರೊಡನೆ ತೆಲುಗರು, ಮಲಯಾಳಿಗಳು, ಕನ್ನಡ ಮಾತನಾಡುವ ದೇವಾಂಗ ನೇಕಾರರು ಬೆರೆತು ಬಾಳುತ್ತಿರುವ ನಗರ. 1991ರಲ್ಲಿ ಮತ್ತು 2016ರಲ್ಲಿ ಕಾವೇರಿಯ ಹೆಸರಿನಲ್ಲಿ ಬೀದಿಗಳು ಹೊತ್ತಿ ಉರಿದುದು ಎರಡು ರಾಜ್ಯಗಳ ಜನರೂ ಬಲ್ಲ ಸಂಗತಿ. ಅಂಥ ದಿನಗಳಲ್ಲಿ ಒಬ್ಬ ಕನ್ನಡಿಗನೂ ಒಬ್ಬ ತಮಿಳನೂ ಒಂದೇ ದುರ್ಬೀನನ್ನು ಕೈಯಿಂದ ಕೈಗೆ ದಾಟಿಸುತ್ತ ನಿಲ್ಲಬಲ್ಲ ಜಾಗವೊಂದಿದ್ದರೆ ಅದನ್ನು ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ದಿನವಿಡೀ ಸುದ್ದಿಯ ಗದ್ದಲದಲ್ಲಿ ಬೆಂದವನಿಗೆ ಗಂಟೆಯ ಹೊತ್ತಿನ ನೆಮ್ಮದಿಯ ಹಕ್ಕಿದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವವನು ಸ್ನೇಹವೊಂದು ಮುರಿದುಬಿದ್ದುದನ್ನು ಕಂಡಿಲ್ಲವೆಂದೇ ತಿಳಿಯಬೇಕು.

ಆದರೆ ಹಕ್ಕಿಯನ್ನು ನೋಡುವವನು ಇಂದಲ್ಲ ನಾಳೆ ನೀರನ್ನೂ ನೋಡಲೇಬೇಕಾಗುತ್ತದೆ. ಹಿಂದಿನ ವರ್ಷ ನೂರಿದ್ದ ಹಕ್ಕಿ ಈ ವರ್ಷ ಇಪ್ಪತ್ತಾದರೆ, ಏಕೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಹುಡುಕಹೊರಟರೆ ಚರಂಡಿ, ಒತ್ತುವರಿ, ಕಾಲುವೆ, ಪಾಲಿಕೆಯ ಆಯವ್ಯಯ ಎದುರಾಗುತ್ತವೆ. ಕೊಯಮತ್ತೂರು ಮಹಾನಗರ ಪಾಲಿಕೆಯು 2017ರಲ್ಲಿ ಸಿಂಗಾನಲ್ಲೂರು ಕೆರೆಯನ್ನು ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಘೋಷಿಸಿತು. ಹವ್ಯಾಸಿಗಳ ಬಳಗವು ಆ ಘೋಷಣೆಯನ್ನು ಸಂಭ್ರಮಿಸಬಹುದು, ಅದರ ಪಾಲನೆಯನ್ನು ಮಾತ್ರ ಪ್ರಶ್ನಿಸಬಾರದು ಎಂದರೆ ನಿಯಮವು ನಗೆಪಾಟಲಾಗುತ್ತದೆ.

ನೊಯ್ಯಲ್ ಇನ್ನಷ್ಟು ಮುಂದೆ ಹರಿದು ತಿರುಪ್ಪೂರನ್ನು ತಲುಪುತ್ತದೆ. ಅಲ್ಲಿನ ಬನಿಯನ್ ಉದ್ಯಮ ಜಗತ್ಪ್ರಸಿದ್ಧ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ತ್ಯಾಜ್ಯ ನದಿಗೆ ಸೇರಿತು; ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯವು ಆ ತ್ಯಾಜ್ಯದ ಕೊಳವಾಯಿತು; ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ಆ ಊರಿನ ಪಕ್ಷಿವೀಕ್ಷಕರ ಬಳಗವೊಂದರಲ್ಲಿ ನಿವೃತ್ತ ಅಧಿಕಾರಿಯೊಬ್ಬನೂ ಬಣ್ಣದ ಘಟಕದ ಕಾರ್ಮಿಕನ ಮಗನೊಬ್ಬನೂ ಇದ್ದಾರೆಂದು ಭಾವಿಸೋಣ. ಮೊದಲನೆಯವನಿಗೆ ನದಿಯೆಂದರೆ ಹಕ್ಕಿ. ಎರಡನೆಯವನಿಗೆ ಹಕ್ಕಿಯೂ ಹೌದು, ತಂದೆಯ ಕೂಲಿಯೂ ಹೌದು. ಮೌನದ ನಿಯಮ ಇಬ್ಬರಿಗೂ ಒಂದೇ ಆದರೂ ಅದರ ಭಾರ ಒಂದೇ ಅಲ್ಲ. ಯಾರ ಬದುಕಿಗೆ ರಾಜಕೀಯ ತಾಗಿಲ್ಲವೋ ಅವನಿಗೆ ಅದನ್ನು ಹೊರಗಿಡುವುದು ಸುಲಭ.

ಹೆಣಿಗೆಯ ಲೋಕದಲ್ಲೇ ಇದಕ್ಕೆ ದೂರದ ನಿದರ್ಶನವೊಂದಿದೆ. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ರೇವಲ್ರಿ ಎಂಬ ಅಂತರ್ಜಾಲ ಬಳಗವು ಕೈಹೆಣಿಗೆಯ ಹವ್ಯಾಸಿಗಳದು. 2019ರ ಜೂನ್ ತಿಂಗಳಲ್ಲಿ ಅದು ಅಂದಿನ ಅಧ್ಯಕ್ಷ ಟ್ರಂಪ್ ಮತ್ತು ಅವರ ಆಡಳಿತವನ್ನು ಬೆಂಬಲಿಸುವ ಬರಹ, ವಿನ್ಯಾಸಗಳನ್ನೆಲ್ಲ ನಿಷೇಧಿಸಿತು. ಎಲ್ಲರನ್ನೂ ಒಳಗೊಳ್ಳಬೇಕಾದರೆ ಬಿಳಿಯರ ಶ್ರೇಷ್ಠತೆಯ ವಾದಕ್ಕೆ ಜಾಗ ಕೊಡಲಾಗದು ಎಂಬುದು ಅದರ ಸಮರ್ಥನೆ. ಬೆಂಬಲಿಗರು ಸದಸ್ಯರಾಗಿ ಉಳಿಯಬಹುದು, ಬೆಂಬಲವನ್ನು ಅಲ್ಲಿ ಆಡಬಾರದು ಎಂದೂ ಅದು ಸ್ಪಷ್ಟಪಡಿಸಿತು. ಕೆಲವರು ಮೆಚ್ಚಿದರು, ಕೆಲವರು ಮುನಿದು ಹೊರನಡೆದರು. ಆ ನಿರ್ಣಯದ ಸರಿತಪ್ಪು ಏನೇ ಇರಲಿ, ಒಂದಂತೂ ಸ್ಪಷ್ಟ: ಏನನ್ನು ಆಡಬಾರದು ಎಂದು ಗೆರೆ ಎಳೆಯುವುದೂ ರಾಜಕೀಯವೇ; ಆ ಗೆರೆಯನ್ನು ಯಾರೋ ಒಬ್ಬರು ಎಳೆದಿರುತ್ತಾರೆ.

ಭಾರತದಲ್ಲಿ ಪಕ್ಷಿವೀಕ್ಷಣೆಯ ಚರಿತ್ರೆಯೂ ರಾಜಕೀಯದಿಂದ ದೂರವಿಲ್ಲ. ಬ್ರಿಟಿಷ್ ಅಧಿಕಾರಿ ಅಲನ್ ಆಕ್ಟೇವಿಯನ್ ಹ್ಯೂಮ್ 1872ರಲ್ಲಿ 'ಸ್ಟ್ರೇ ಫೆದರ್ಸ್' ಎಂಬ ಪಕ್ಷಿಶಾಸ್ತ್ರ ಪತ್ರಿಕೆಯನ್ನು ಆರಂಭಿಸಿದ. ದೇಶದ ಉದ್ದಗಲದ ಹವ್ಯಾಸಿಗಳು ಅವನಿಗೆ ಓಲೆ ಬರೆದು ತಾವು ಕಂಡ ಹಕ್ಕಿಗಳ ವಿವರ ಕಳುಹಿಸುತ್ತಿದ್ದರು. ಇಂದಿನ ಬಳಗಗಳ ಕೆಲಸವನ್ನು ಅಂದು ಅಂಚೆಯಣ್ಣ ಮಾಡುತ್ತಿದ್ದ. ಅದೇ ಹ್ಯೂಮ್ 1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪದವೀಧರರಿಗೆ ಬಹಿರಂಗ ಪತ್ರ ಬರೆದು ದೇಶಸೇವೆಗೆ ಕರೆದ. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಪ್ರಮುಖನಾದ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆಯಲು ದಿನಗಟ್ಟಲೆ ಕಾದವರು. ಲೋಹಿಯಾ ಚಿಂತನೆ, ರೈತ ಚಳವಳಿಗಳೊಡನೆ ಒಡನಾಡಿದವರೂ ಅವರೇ. ಇಂಥವರ ಆಸಕ್ತಿಯನ್ನು ಎರಡಾಗಿ ಸೀಳಲು ಬರುವುದಿಲ್ಲ.

ಹಾಗಾದರೆ ಬಳಗದ ಬಾಗಿಲನ್ನು ಎಲ್ಲಕ್ಕೂ ತೆರೆದಿಡಬೇಕೆ? ಹಾಗೂ ಅಲ್ಲ. ಕನ್ನಡದ ಹವ್ಯಾಸಕ್ಕೆ ಮರಾಠಿಯಲ್ಲಿ ಬಳಸುವ ಪದ 'ಛಂದ'. ಮರಾಠಿಯಲ್ಲೂ 'ಹವ್ಯಾಸ' ಎಂಬ ಪದವಿದೆ. ಆದರೆ ಅಲ್ಲಿ ಅದಕ್ಕೆ ಅತಿಯಾಸೆ, ಹಪಹಪಿ ಎಂಬ ಅರ್ಥ. ಗಡಿಯ ಈಚೆಗೂ ಆಚೆಗೂ ಒಂದೇ ಪದ ಪಡೆದ ಈ ಎರಡು ಅರ್ಥಗಳಲ್ಲಿ ಎಚ್ಚರಿಕೆಯೊಂದು ಅಡಗಿದೆ. ಕೆರೆಯ ನೀರಿನ ಪ್ರಶ್ನೆಯಿಂದ ಹುಟ್ಟಿದ ಮಾತು ಛಂದಕ್ಕೆ ಸೇರಿದ್ದು. ತನ್ನ ನಾಯಕನನ್ನು ಮೆರೆಸಲು, ಎದುರಾಳಿಯನ್ನು ಹೀಗಳೆಯಲು ಆಡಿದ ಮಾತು ಗೆಲ್ಲುವ ಹಪಹಪಿಗೆ ಸೇರಿದ್ದು. ಮಾತು ಹಕ್ಕಿಯಿಂದ ಹೊರಟು ಹಕ್ಕಿಗೇ ಮರಳುತ್ತದೆಯೇ ಎಂದು ಕೇಳಿದರೆ ಬಹುಮಟ್ಟಿಗೆ ವ್ಯತ್ಯಾಸ ತಿಳಿಯುತ್ತದೆ.

ತಿರುಪ್ಪೂರಿನ ನಂಜರಾಯನ್ ಕೆರೆ ಇದಕ್ಕೆ ಸಾಕ್ಷಿ. ಅಲ್ಲಿ ಹವ್ಯಾಸಿಗಳು ಹಕ್ಕಿಗಳ ಪಟ್ಟಿಯನ್ನು ತಾಳ್ಮೆಯಿಂದ ಬೆಳೆಸಿಕೊಂಡು ಬಂದರು. ಆ ಕೆರೆಯನ್ನು 2022ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 2024ರ ಆಗಸ್ಟಿನಲ್ಲಿ ಅದು ರಾಮ್ಸರ್ ತಾಣಗಳ ಸಾಲಿಗೆ ಸೇರಿತು. ಹಕ್ಕಿಗಳ ಪಟ್ಟಿ ಸರ್ಕಾರದ ಮೇಜಿನ ಮೇಲೆ ಬಿದ್ದಾಗ ಅದೂ ಒಂದು ರಾಜಕೀಯ ಮಾತೇ ಆಗುತ್ತದೆ. ಆದರೆ ಅದಕ್ಕೆ ಯಾವ ಪಕ್ಷದ ಬಾವುಟವೂ ಬೇಕಾಗುವುದಿಲ್ಲ.

ಸಂಸ್ಕೃತದಲ್ಲಿ ಪಕ್ಷವೆಂದರೆ ರೆಕ್ಕೆ; ಪಕ್ಷವುಳ್ಳದ್ದು ಪಕ್ಷಿ. ಆ ಪದವೇ ವಾದದ ಒಂದು ಬದಿಗೂ ರಾಜಕೀಯ ಸಂಘಟನೆಗೂ ಹೆಸರಾಯಿತು. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೂ ಕಾವ್ಯದ ಬಳಗಗಳಿವೆ. ಅಲ್ಲಿಯೂ 'ರಾಜಕೀಯ ಬೇಡ' ಎಂಬ ಮಾತು ಬರುವುದುಂಟು. ಜಾತಿಯ ಪ್ರಸ್ತಾಪವೇ ಕೂಡದೆಂದರೆ ವಚನಗಳಲ್ಲಿ ಓದಲು ಉಳಿಯುವುದು ಬಹಳ ಕಡಿಮೆ. 1979ರಲ್ಲಿ ಸಂಘಟಿತವಾದ ಬಂಡಾಯ ಸಾಹಿತ್ಯದಲ್ಲಿ ಪ್ರಾಯಶಃ ಏನೂ ಉಳಿಯದು. ಅಂಥ ಮಾತೆತ್ತುವ ವಿದ್ಯಾರ್ಥಿ ಒಪ್ಪದವನ ವಾದವನ್ನು ಅವನೇ ಒಪ್ಪುವಷ್ಟು ಸರಿಯಾಗಿ ಮೊದಲು ಹೇಳಬಲ್ಲವನಾಗಿರಬೇಕು. ಅಷ್ಟಾದ ಮೇಲೂ ಯಾರೋ ಒಬ್ಬರು ನೊಂದು ಬಳಗ ಬಿಡಬಹುದು. ಬಿಟ್ಟವರಿಗೆ ಮರುದಿನವೇ ಫೋನ್ ಮಾಡಿ ಕರೆಯುವ ಒಬ್ಬನಾದರೂ ಆ ಬಳಗದಲ್ಲಿರಬೇಕು.