ಎರಡು ಗುಳಿಗೆಯ ಲೆಕ್ಕ

ಔಷಧಿ ಹೆಚ್ಚಿದಾಗ ರೋಗಿ ಕಳವಳಪಡುವುದು ಲೋಕರೂಢಿ. ಔಷಧಿ ಕಡಿಮೆಯಾಯಿತೆಂದು ಕಳವಳಪಡುವವರೂ ಉಂಟು. ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ, 2009ರ ಮಾರ್ಚ್ ತಿಂಗಳಿನ ಒಂದು ರಾತ್ರಿ, ಪ್ರೌಢಶಾಲೆಯ ಗಣಿತದ ಉಪಾಧ್ಯಾಯಿನಿಯೊಬ್ಬರಿಗೆ ನಿದ್ರೆಯೇ ಬರಲಿಲ್ಲ. ವೈದ್ಯರು ಅಂದು ಅವರ ದಿನದ ಐದು ಗುಳಿಗೆಗಳಲ್ಲಿ ಎರಡನ್ನು ಕಳೆದುಬಿಟ್ಟಿದ್ದರು.

ಆಕೆಯ ಕಾಯಿಲೆ ಹೆಪಟೈಟಿಸ್ ಸಿ. ಅದು ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಾಗಿರಲಿಲ್ಲ. 1984ರಲ್ಲಿ ಎರಡನೆಯ ಹೆರಿಗೆಯಾದಾಗ ರಕ್ತಸ್ರಾವ ಹೆಚ್ಚಾಗಿ, ಯಾರೋ ಪುಣ್ಯಾತ್ಮರು ಕೊಟ್ಟ ರಕ್ತದಿಂದ ಜೀವ ಉಳಿದಿತ್ತು. ಆ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದಲ್ಲಿ ದಾನದ ರಕ್ತವನ್ನು ಅದಕ್ಕಾಗಿ ಪರೀಕ್ಷಿಸುವುದು ಕಡ್ಡಾಯವಾದದ್ದು 2001ರಲ್ಲಿ. ಜೀವ ಉಳಿಸಿದ ರಕ್ತದಲ್ಲಿಯೇ ಈ ಅತಿಥಿಯೂ ಸೇರಿ ಬಂದಿದ್ದರೆ ಯಾರನ್ನು ದೂರುವುದು? 2008ರಲ್ಲಿ ಶಾಲೆಯ ರಕ್ತದಾನ ಶಿಬಿರದಲ್ಲಿ ತಾವೂ ತೋಳು ಚಾಚಿದ ಮೇಲೆಯೇ ಆಕೆಗೆ ಸಂಗತಿ ತಿಳಿದದ್ದು.

ಅಂದಿನ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ವಾರಕ್ಕೊಮ್ಮೆ ಪೆಗ್‌ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು, 180 ಮೈಕ್ರೋಗ್ರಾಂ. ದಿನವೂ ರಿಬಾವಿರಿನ್ ಗುಳಿಗೆ, 200 ಮಿಲಿಗ್ರಾಮಿನವು ಬೆಳಗ್ಗೆ ಎರಡು, ರಾತ್ರಿ ಮೂರು. ಆಕೆಯ ವೈರಸ್ಸು ಒಂದನೆಯ ಬಗೆಯದಾದ್ದರಿಂದ ಅವಧಿ 48 ವಾರ. ಇಷ್ಟೆಲ್ಲ ಮಾಡಿದರೂ ಆ ಬಗೆಯಲ್ಲಿ ಗುಣವಾಗುತ್ತಿದ್ದವರು ಸುಮಾರು ಅರ್ಧ ಮಂದಿ. ಚುಚ್ಚುಮದ್ದಿನ ಚಳಿಜ್ವರ ರಜೆಯ ದಿನಗಳಲ್ಲಿಯೇ ಕಳೆಯಲೆಂದು ಆಕೆ ಶುಕ್ರವಾರದ ರಾತ್ರಿಯನ್ನು ಗೊತ್ತುಮಾಡಿಕೊಂಡಿದ್ದರು. ಪತಿ ಬ್ಯಾಂಕಿನಲ್ಲಿ ಲೆಕ್ಕಿಗರಾಗಿ ನಿವೃತ್ತರಾದವರು. ಉದ್ದನೆಯ ಪುಸ್ತಕವೊಂದಕ್ಕೆ ಗೆರೆ ಹಾಕಿ, ಮೊದಲ ಪುಟದಲ್ಲಿ ‘ಒಟ್ಟು ಗುಳಿಗೆ 1680’ ಎಂದು ಬರೆದು ಜನವರಿಯಲ್ಲಿ ಲೆಕ್ಕ ಆರಂಭಿಸಿದ್ದರು.

ಎಂಟನೆಯ ವಾರದ ಹೊತ್ತಿಗೆ ಆಕೆಗೆ ಶಾಲೆಯ ಮೆಟ್ಟಿಲು ಬೆಟ್ಟವಾಯಿತು. 12.8 ಇದ್ದ ಹಿಮೋಗ್ಲೋಬಿನ್ 9.4ಕ್ಕೆ ಇಳಿದಿತ್ತು. ರಿಬಾವಿರಿನ್ ರಕ್ತದ ಕೆಂಪುಕಣಗಳಲ್ಲಿ ಸಂಗ್ರಹವಾಗಿ ಅವನ್ನು ಅಕಾಲದಲ್ಲಿ ಒಡೆಯುತ್ತದೆ. ಹೊಸ ಕಣಗಳನ್ನು ಹುಟ್ಟಿಸಬೇಕಾದ ಎಲುಬಿನ ಮಜ್ಜೆಯನ್ನು ಇಂಟರ್‌ಫೆರಾನ್ ಮಂದಗೊಳಿಸುತ್ತದೆ. ಒಂದು ಕಡೆ ಖರ್ಚು ಹೆಚ್ಚು, ಇನ್ನೊಂದು ಕಡೆ ಆದಾಯ ಕಡಿಮೆ. ಹತ್ತಕ್ಕಿಂತ ಕೆಳಗಿಳಿದರೆ ರಿಬಾವಿರಿನ್ನನ್ನು ಆರುನೂರು ಮಿಲಿಗ್ರಾಮಿಗೆ ತರಬೇಕೆಂಬುದು ನಿಯಮ. ಬೆಳಗ್ಗೆ ಒಂದು, ರಾತ್ರಿ ಎರಡು ಎಂದು ವೈದ್ಯರು ಚೀಟಿ ಬರೆದರು.

ಆಕೆ ಓದಿ ತಿಳಿದುಕೊಂಡವರು. ಎರಡೂ ಔಷಧಿಗಳಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ, ಅವಧಿಯ ನೂರಕ್ಕೆ ಎಂಬತ್ತು ಪಾಲಿನಷ್ಟಾದರೂ ತೆಗೆದುಕೊಂಡವರಲ್ಲಿ ಗುಣ ಹೆಚ್ಚೆಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಅದರಲ್ಲಿಯೂ ಮೊದಲ ಹನ್ನೆರಡು ವಾರ ಮುಖ್ಯವೆಂಬುದು ವೈದ್ಯರ ಅನುಭವ. ಆ ಹನ್ನೆರಡು ವಾರದೊಳಗೇ ತಮ್ಮ ದೇಹ ಸೋತಿತಲ್ಲ ಎಂಬುದು ಆಕೆಯ ಕೊರಗು. ಗುಳಿಗೆ ಕಡಿಮೆಯಾದದ್ದು ಚಿಕಿತ್ಸೆಯ ಒಂದು ಹಂತವಾಗಿ ಕಾಣದೆ, ತಮ್ಮ ಅಪರಾಧಕ್ಕೆ ವಿಧಿಸಿದ ದಂಡದಂತೆ ಕಾಣತೊಡಗಿತು.

ಬಂಧುಗಳು ಸುಮ್ಮನಿರುವರೆ? ಒಬ್ಬರು ಬೀಟ್‌ರೂಟ್ ತಂದರು, ಒಬ್ಬರು ಖರ್ಜೂರ ಕಳುಹಿಸಿದರು, ಮತ್ತೊಬ್ಬರು ಕಬ್ಬಿಣದ ಟಾನಿಕ್ಕನ್ನೇ ಹಿಡಿದು ಬಂದರು. ಇದು ಕಬ್ಬಿಣದ ಕೊರತೆಯಲ್ಲ, ಕಣ ಒಡೆಯುವ ತೊಂದರೆ. ನಾನು ಹೇಳದೆ ಟಾನಿಕ್ ಬೇಡ ಎಂದು ವೈದ್ಯರು ತಡೆದರು. ಖರ್ಜೂರವನ್ನು ಮೊಮ್ಮಗ ತಿಂದು ಮುಗಿಸಿದ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಪತಿ ಎಂದಿನಂತೆ ಸೀಸೆಯನ್ನು ಬರಿದುಮಾಡಿ ಗುಳಿಗೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಆರು ಕಡಿಮೆ ಬರುತ್ತಿದೆಯಲ್ಲ, ಕೆಳಗೇನಾದರೂ ಬಿದ್ದಿತೇ?” ಎಂದರು.

ಆಕೆ ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿದರು. “ಬಿದ್ದಿಲ್ಲ ರೀ. ನಾನೇ ತೆಗೆದುಕೊಂಡೆ. ಮೂರು ರಾತ್ರಿ, ಎರಡೆರಡು.”

ಪತಿ ಸಿಟ್ಟಾಗಲಿಲ್ಲ. ಕನ್ನಡಕವನ್ನು ತೆಗೆದು ಬಹಳ ಹೊತ್ತು ಒರೆಸಿದರು.

“ನಿನ್ನ ಶಾಲೆಯಲ್ಲಿ ನೂರಕ್ಕೆ ಎಂಬತ್ತು ತೆಗೆದ ಹುಡುಗಿಯನ್ನು ನಪಾಸು ಮಾಡುತ್ತೀಯೇನು?” ಎಂದರು ಕೊನೆಗೆ.

“ಇಲ್ಲ.”

“ಹಾಗಾದರೆ ನಿನ್ನನ್ನು ನೀನು ಏಕೆ ನಪಾಸು ಮಾಡಿಕೊಳ್ಳುತ್ತೀ?”

ಆಕೆ ಅತ್ತದ್ದು ಆಗ. ಚಿಕಿತ್ಸೆ ತೊಡಗಿದ ಮೇಲೆ ಅದೇ ಮೊದಲು.

ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಗದರಿಸದೆ ವಿವರಿಸಿದರು: “ಅಮ್ಮಾ, ಹಿಮೋಗ್ಲೋಬಿನ್ ಎಂಟೂವರೆಗಿಂತ ಕೆಳಗೆ ಹೋದರೆ ನಾನು ರಿಬಾವಿರಿನ್ನನ್ನು ಪೂರ್ತಿ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೂ ಅದು ಅಪಾಯ. ನಿಂತುಹೋದ ಗಾಡಿಗಿಂತ ನಿಧಾನವಾಗಿ ಸಾಗುವ ಗಾಡಿ ಮೇಲಲ್ಲವೆ? ನಿಮ್ಮ ಚುಚ್ಚುಮದ್ದು ಪೂರ್ಣ ಪ್ರಮಾಣದಲ್ಲಿಯೇ ನಡೆಯುತ್ತಿದೆ. ಆ ಎಂಬತ್ತರ ಲೆಕ್ಕ ನೂರಾರು ರೋಗಿಗಳನ್ನು ಕಂಡು ಹೇಳಿದ ಮಾತು. ಒಬ್ಬರ ಹಣೆಬರಹವಲ್ಲ.”

ಅಂದಿನಿಂದ ಮನೆಯ ಕ್ರಮವೇ ಬದಲಾಯಿತು. ಮುಖ್ಯೋಪಾಧ್ಯಾಯಿನಿಯವರು ಆಕೆಯ ತರಗತಿಗಳನ್ನು ಕೆಳಗಿನ ಅಂತಸ್ತಿಗೆ ತಂದರು. ಆಕೆ ಕುಳಿತೇ ಪಾಠ ಹೇಳಿದರು, ಕುಳಿತೇ ಒಗ್ಗರಣೆ ಹಾಕಿದರು. ಮಲಗಿದ್ದು ಎದ್ದರೆ ತಲೆ ಸುತ್ತುತ್ತಿದ್ದುದರಿಂದ ಮಂಚದ ಅಂಚಿನಲ್ಲಿ ಕ್ಷಣಕಾಲ ಕುಳಿತು ಆಮೇಲೆ ನಿಲ್ಲುವುದನ್ನು ರೂಢಿಮಾಡಿಕೊಂಡರು. ಇಂಟರ್‌ಫೆರಾನ್ ಮನಸ್ಸನ್ನೂ ಕದಡುತ್ತದೆಂದು ತಿಳಿದಿದ್ದ ಪತಿ, ಸಿಡುಕಿನ ಮಾತಿಗೆ ಮರುಮಾತಾಡದೆ ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಆ ವರ್ಷ ದಾಸವಾಳ ಎಂದೂ ಕಾಣದಷ್ಟು ಹೂ ಬಿಟ್ಟಿತು.

ಹನ್ನೆರಡನೆಯ ವಾರದ ಪರೀಕ್ಷೆಯ ಲಕೋಟೆಯನ್ನು ಒಡೆಯಲು ಇಬ್ಬರಿಗೂ ಧೈರ್ಯವಾಗಲಿಲ್ಲ, ಮಗಳು ಒಡೆದಳು. ವೈರಸ್ಸಿನ ಸುಳಿವು ರಕ್ತದಲ್ಲಿ ಸಿಕ್ಕಿರಲಿಲ್ಲ. ಹದಿನಾಲ್ಕು ವಾರ ತುಂಬಿದಾಗ ಹಿಮೋಗ್ಲೋಬಿನ್ 10.8ಕ್ಕೆ ಏರಿತು. ಮತ್ತೆ ಐದು ಗುಳಿಗೆಗೆ ಹೋಗುವುದು ಬೇಡವೆಂದು ವೈದ್ಯರು ನಾಲ್ಕಕ್ಕೆ ನಿಲ್ಲಿಸಿದರು. ಈ ಸಲ ಆಕೆ ಐದನೆಯದನ್ನು ಕೇಳಲಿಲ್ಲ.

ಡಿಸೆಂಬರಿನಲ್ಲಿ ಪುಸ್ತಕ ಮುಗಿಯಿತು. 1680ರಲ್ಲಿ ತೆಗೆದುಕೊಂಡದ್ದು 1364, ನೂರಕ್ಕೆ ಎಂಬತ್ತೊಂದು. ಕದ್ದು ನುಂಗಿದ ಆರನ್ನೂ ಲೆಕ್ಕಿಗರು ಬಿಟ್ಟಿರಲಿಲ್ಲ. ಅವಕ್ಕೆ ಪ್ರತ್ಯೇಕವಾದ ಸಾಲೊಂದನ್ನು ಕೊಟ್ಟಿದ್ದರು. ಚಿಕಿತ್ಸೆ ನಿಂತು ಆರು ತಿಂಗಳ ಮೇಲೆ, 2010ರ ಜೂನಿನಲ್ಲಿ, ರಕ್ತವನ್ನು ಕಡೆಯ ಸಲ ಪರೀಕ್ಷಿಸಿದರು. ವೈರಸ್ಸು ಮರಳಿರಲಿಲ್ಲ. ಅದನ್ನೇ ವೈದ್ಯರು ಗುಣವೆನ್ನುವುದು.

ಇಂದು ಆ ಕಷ್ಟದ ಹಾದಿಯನ್ನು ಯಾರೂ ತುಳಿಯಬೇಕಾಗಿಲ್ಲ. ಸೊಫೊಸ್ಬುವಿರ್ ಮೊದಲಾದ ಹೊಸ ಗುಳಿಗೆಗಳು ಸಾಮಾನ್ಯವಾಗಿ ಹನ್ನೆರಡು ವಾರದಲ್ಲಿ, ಚುಚ್ಚುಮದ್ದಿಲ್ಲದೆ, ನೂರಕ್ಕೆ ತೊಂಬತ್ತೈದು ಮಂದಿಯನ್ನು ಗುಣಪಡಿಸುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ರಿಬಾವಿರಿನ್ ಈಗ ಯಕೃತ್ತು ಬಹಳ ಕೆಟ್ಟ ಕೆಲವರಿಗೆ ಮಾತ್ರ.

ಆದರೂ ಆ ಉದ್ದನೆಯ ಪುಸ್ತಕ ಬಸವನಗುಡಿಯ ಮನೆಯ ಬೀರುವಿನಲ್ಲಿ ಇನ್ನೂ ಇದೆ. ಕೊನೆಯ ಪುಟದಲ್ಲಿ, ಮೊತ್ತದ ಕೆಳಗೆ, ಉಪಾಧ್ಯಾಯಿನಿಯ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದವುಂಟು: ‘ಉತ್ತೀರ್ಣ’.